ಕಪ್ಪುಪಟ್ಟಿಯನ್ನು ಕುರುಡಾಗಿ ನಂಬಬಾರದು

ಇ-ಮೇಲ್ ಮೂಲಕ ಕಳುಹಿಸಿದ ಖರೀದಿ ಆದೇಶವು ದಾರಿಯಲ್ಲೇ ತಿರಸ್ಕೃತವಾದರೆ ಮಾರಾಟಗಾರನಿಗೆ ಅದರ ಸುಳಿವೂ ದೊರೆಯದು. ಹಲವೊಮ್ಮೆ ಇದಕ್ಕೆ ಕಾರಣ, ಆತನ ಮೇಲ್ ಸರ್ವರ್ ನಂಬಿರುವ ಕಪ್ಪುಪಟ್ಟಿ. ಸ್ಪ್ಯಾಮ್ ಕಳುಹಿಸುವ ಐಪಿ ವಿಳಾಸಗಳನ್ನು ಇಂತಹ ಪಟ್ಟಿಗಳು ದಾಖಲಿಸುತ್ತವೆ. ಪತ್ರ ಬಂದೊಡನೆ ಸರ್ವರ್ ಡಿಎನ್‌ಎಸ್ ಮೂಲಕ ಪಟ್ಟಿಯನ್ನು ವಿಚಾರಿಸುತ್ತದೆ.

ಪಟ್ಟಿಯೇ ಕೆಟ್ಟರೆ ಆಗುವ ಅನಾಹುತಕ್ಕೆ ಓಆರ್‌ಡಿಬಿ ನಿದರ್ಶನ. 2006ರ ಡಿಸೆಂಬರ್‌ನಲ್ಲಿ ಸ್ಥಗಿತಗೊಂಡ ಈ ಪಟ್ಟಿಯನ್ನು ಅನೇಕರು ತಮ್ಮ ಸರ್ವರ್‌ಗಳಿಂದ ತೆಗೆದುಹಾಕಿರಲಿಲ್ಲ. 2008ರ ಮಾರ್ಚ್‌ನಲ್ಲಿ ಅದು ಪ್ರತಿಯೊಂದು ವಿಚಾರಣೆಗೂ ‘ಪಟ್ಟಿಯಲ್ಲಿದೆ’ ಎಂದೇ ಉತ್ತರಿಸತೊಡಗಿತು. ಪರಿಣಾಮವಾಗಿ ಅಂತಹ ಸರ್ವರ್‌ಗಳು ಯೋಗ್ಯ ಪತ್ರಗಳನ್ನೂ ಹಿಂದಿರುಗಿಸಿದವು. ಸೋರ್ಬ್ಸ್ ಪಟ್ಟಿಯೂ 2024ರ ಜೂನ್‌ನಲ್ಲಿ ನಿಂತುಹೋಯಿತು.

ಆದ್ದರಿಂದ ಜಾಲ ನಿರ್ವಾಹಕರು ಪಾಲಿಸಬೇಕಾದ ಕ್ರಮಗಳು ಇಂತಿವೆ:

1. ಒಂದೇ ಪಟ್ಟಿಯನ್ನು ಆಧರಿಸಿ ಪತ್ರವನ್ನು ತಿರಸ್ಕರಿಸದೆ, ಹಲವು ಪಟ್ಟಿಗಳಿಗೆ ಅಂಕ ನಿಗದಿಪಡಿಸಿ, ಒಟ್ಟು ಅಂಕದಿಂದ ತೀರ್ಮಾನಿಸಬೇಕು.

2. ಪ್ರತಿ ಪಟ್ಟಿಯನ್ನೂ ನಿಯಮಿತವಾಗಿ ಪರೀಕ್ಷಿಸಬೇಕು. 127.0.0.2 ಎಂಬ ಪರೀಕ್ಷಾ ವಿಳಾಸ ಅದರಲ್ಲಿರಬೇಕು, 127.0.0.1 ಇರಕೂಡದು. ಉತ್ತರ ತಪ್ಪಿದರೆ ಆ ಪಟ್ಟಿಯನ್ನು ಕೈಬಿಡಬೇಕು.

3. ಸ್ವಂತ ವಿಳಾಸವೇ ಪಟ್ಟಿಗೆ ಸೇರಿದ್ದರೆ, ಮೊದಲು ವೈರಸ್ ತಗುಲಿದ ಕಂಪ್ಯೂಟರ್ ಇದೆಯೇ ಎಂದು ಶೋಧಿಸಿ, ದೋಷ ನಿವಾರಿಸಿದ ಬಳಿಕವೇ ಬಿಡುಗಡೆ ಕೋರಬೇಕು.

ಯಾವ ಪಟ್ಟಿಗಳು ಬಳಕೆಯಲ್ಲಿವೆ, ಅವುಗಳನ್ನು ಕೊನೆಯದಾಗಿ ಪರೀಕ್ಷಿಸಿದ್ದು ಎಂದು ಎಂಬುದನ್ನು ಉದ್ಯಮಿಗಳು ತಮ್ಮ ಮೇಲ್ ಸೇವೆ ಒದಗಿಸುವವರಿಂದ ಕೇಳಿ ತಿಳಿಯುವುದು ಹಿತಕರ.