ಡ್ಯಾಕ್ ಯಂತ್ರವನ್ನು ಪರೀಕ್ಷಿಸುವ ಕ್ರಮ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲೊಬ್ಬಳು ಕಳೆದ ವರುಷ ನನಗೊಂದು ಪತ್ರವನ್ನು ಬರೆದಳು. ವೃದ್ಧರಾದ ತನ್ನ ತಂದೆಯವರು ಕಂಪ್ಯೂಟರಿನ ಮೂಲಕ ವೀಣಾವಾದನವನ್ನು ಕೇಳುತ್ತಿರುವರೆಂದೂ, ಅವರಿಗೋಸ್ಕರ ಒಂದು ತಿಂಗಳ ಸಂಬಳವನ್ನು ವೆಚ್ಚಮಾಡಿ ಡ್ಯಾಕ್ ಎಂಬ ಯಂತ್ರವನ್ನು ಕೊಳ್ಳಬಹುದೇ ಎಂದೂ ವಿಚಾರಿಸಿದ್ದಳು. ಇಂಥ ಪ್ರಶ್ನೆಯು ಬೇರೆ ಮನೆಗಳಲ್ಲಿಯೂ ಹುಟ್ಟುವದರಿಂದ ನನ್ನ ಉತ್ತರವನ್ನು ಪಾಠರೂಪವಾಗಿ ಇಲ್ಲಿ ಬರೆದಿರುತ್ತೇನೆ.

ಡಿಜಿಟಲ್ ಸಂಗೀತವೆಂದರೆ ಅಂಕಿಗಳ ಸಾಲು. 1982ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ನಾದವು ಒಂದು ಸೆಕೆಂಡಿಗೆ 44,100 ಸಾರಿ ಅಳೆಯಲ್ಪಟ್ಟಿರುವದು. ಪ್ರತಿಯೊಂದು ಅಳತೆಯೂ 65,536 ಮೆಟ್ಟಲುಗಳಲ್ಲಿ ಒಂದಾಗಿರುವದು. ಈ ಅಂಕಿಗಳನ್ನು ವಿದ್ಯುತ್ತಿನ ಅಲೆಯನ್ನಾಗಿ ಮಾರ್ಪಡಿಸುವದೇ ಡ್ಯಾಕಿನ ಕೆಲಸ. ಅಳತೆಗಳ ನಡುವೆ ನಾದವು ಕಳೆದುಹೋಗದೇ ಎಂದು ಕೆಲವರು ಕೇಳುವರು. ಅಳತೆಯ ಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾದ ಕಂಪನಗಳನ್ನು ಪೂರ್ಣವಾಗಿ ಮರಳಿ ಪಡೆಯಬಹುದೆಂದು ಗಣಿತವು ತೋರಿಸಿರುವದು. 44,100ರಲ್ಲಿ ಅರ್ಧವು 22,050. ಮನುಷ್ಯನ ಕಿವಿಯ ಮಿತಿಯು ಸುಮಾರು 20,000. ವೃದ್ಧಾಪ್ಯದಲ್ಲಿ ಇನ್ನೂ ಕಡಿಮೆ.

ಕಂಪ್ಯೂಟರಿನೊಳಗೂ ಒಂದು ಚಿಕ್ಕ ಡ್ಯಾಕ್ ಇದ್ದೇ ಇರುವದು. ಮೇಜಿನ ಮೇಲೆ ಇಡುವ ಯಂತ್ರವು ಅದಕ್ಕಿಂತ ಉತ್ತಮವೋ ಎಂಬದನ್ನು ಮೂರು ವಿಧವಾಗಿ ಪರೀಕ್ಷಿಸತಕ್ಕದ್ದು.

ಮೊದಲನೆಯದಾಗಿ, ಸಂಗೀತವನ್ನು ನಿಲ್ಲಿಸಿ ಸ್ಪೀಕರಿಗೆ ಕಿವಿಗೊಡಿರಿ. ಗುಂಯ್ ಎಂಬ ಶಬ್ದವಾಗಲಿ, ಮೌಸನ್ನು ಸರಿಸಿದಾಗ ಚಿರ್ ಎಂಬ ಶಬ್ದವಾಗಲಿ ಕೇಳಿಬಂದರೆ, ಕಂಪ್ಯೂಟರಿನ ಒಳಗಿನ ವಿದ್ಯುತ್ತು ಸಂಗೀತದೊಡನೆ ಬೆರೆತಿರಬಹುದು. ಇಂಥ ದೋಷವನ್ನು ಹೊರಗಿನ ಡ್ಯಾಕ್ ಅನೇಕ ಸಾರಿ ನಿವಾರಿಸುವದು.

ಎರಡನೆಯದಾಗಿ, ಹೋಲಿಸುವ ಎರಡು ಯಂತ್ರಗಳ ಶಬ್ದವನ್ನು ಸಮಮಾಡಿರಿ. ಒಂದೇ ಸ್ವರವನ್ನು ಎರಡರಿಂದಲೂ ನುಡಿಸಿ, ಸ್ಪೀಕರಿನ ತಂತಿಗಳಲ್ಲಿ ಮಲ್ಟಿಮೀಟರಿನಿಂದ ಏ.ಸಿ. ವೋಲ್ಟನ್ನು ಅಳೆಯಿರಿ, ವ್ಯತ್ಯಾಸವು ನೂರಕ್ಕೆ ಒಂದನ್ನು ಮೀರಬಾರದು. ತುಸು ಜೋರಾದದ್ದೇ ಕಿವಿಗೆ ಇಂಪಾಗಿ ತೋರುವದು. ಒಮ್ಮೆ ನಾನೂ ಹೊಸ ಯಂತ್ರದ ವೀಣೆಯು ಬಹು ಸ್ಪಷ್ಟವೆಂದು ಎಲ್ಲರ ಮುಂದೆ ಹೇಳಿದೆನು. ಅಳೆದು ನೋಡಿದಾಗ ಅದು ಜೋರಾಗಿತ್ತು, ಅಷ್ಟೇ. ನಾಚಿಕೆಯಾದರೂ ಅದನ್ನು ಎಲ್ಲರ ಮುಂದೆಯೇ ಒಪ್ಪಿಕೊಂಡೆನು.

ಮೂರನೆಯದಾಗಿ, ಯಾವ ಯಂತ್ರವು ನುಡಿಯುತ್ತಿದೆಯೆಂಬದು ಕೇಳುವವರಿಗೆ ತಿಳಿಯಬಾರದು. ಮನೆಯವರೊಬ್ಬರು ಮರೆಯಲ್ಲಿ ನಿಂತು ನಾಣ್ಯವನ್ನು ಚಿಮ್ಮಿ ಯಂತ್ರವನ್ನು ಆರಿಸಲಿ. ಹೀಗೆ ಹತ್ತು ಸಾರಿ ನಡೆಯಲಿ. ಬರೀ ಊಹೆಯಿಂದ ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವವು 1,024ರಲ್ಲಿ 11 ಮಾತ್ರ. ಅಷ್ಟು ಸರಿಯಾದರೆ ಭೇದವು ನಿಜವೆಂದು ನಂಬಬಹುದು. ಐದಾರು ಸರಿಯಾಗುವದು ಊಹೆಯಿಂದಲೂ ಸಾಧ್ಯ.

ಆ ವಿದ್ಯಾರ್ಥಿನಿಯು ಬೆಲೆ ಕಡಿಮೆಯಾದ ಯಂತ್ರವೊಂದನ್ನೂ ತಾನು ಬಯಸಿದ್ದ ದುಬಾರಿ ಯಂತ್ರವನ್ನೂ ಸ್ನೇಹಿತರಿಂದ ಎರವಲು ತಂದು ಹೀಗೆಯೇ ಮಾಡಿದಳು. ಅವಳ ಕಂಪ್ಯೂಟರಿನಲ್ಲಿ ಚಿರ್ ಶಬ್ದವಿದ್ದದ್ದು ನಿಜ. ಎರಡು ಡ್ಯಾಕುಗಳಲ್ಲಿ ಯಾವದನ್ನು ಜೋಡಿಸಿದರೂ ಅದು ನಿಂತುಹೋಯಿತು. ಆ ಎರಡರ ನಡುವೆ ತಂದೆಯವರು ಹತ್ತಕ್ಕೆ ಐದು ಸಾರಿ ಸರಿಯಾಗಿ ಹೇಳಿದರು. "ಮಗಳೇ, ನನಗೆ ಎರಡೂ ಒಂದೇ, ಹಣವನ್ನು ಉಳಿಸು" ಎಂದರಂತೆ. ಅವಳು ಕಡಿಮೆ ಬೆಲೆಯದನ್ನೇ ಕೊಂಡು, ಮೂಲೆಯ ಕಪಾಟಿನ ಮೇಲಿದ್ದ ಸ್ಪೀಕರುಗಳನ್ನು ತಂದೆಯವರ ಕಿವಿಯ ಮಟ್ಟಕ್ಕೆ ಇಳಿಸಿದಳು. ಇದಕ್ಕೆ ಖರ್ಚಿಲ್ಲದಿದ್ದರೂ, ಆದ ಭೇದವನ್ನು ಅವರು ಕೂಡಲೇ ಗುರುತಿಸಿದರು. ಸ್ಪೀಕರು ಮತ್ತು ಕೋಣೆ ಇವುಗಳಿಂದ ನಾದಕ್ಕೆ ಆಗುವ ವ್ಯತ್ಯಾಸವು, ಎರಡು ಒಳ್ಳೇ ಡ್ಯಾಕುಗಳ ನಡುವಣ ವ್ಯತ್ಯಾಸಕ್ಕಿಂತ ಬಹಳ ದೊಡ್ಡದು.

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಹೇಳುವರು. ಕೇಳಿದ್ದಕ್ಕೂ ಈ ಮಾತು ಸಲ್ಲುವದು.