ಆರು ದಿನಕ್ಕೆ ಹನ್ನೊಂದು ಗುಡಿ

ಪ್ರಶ್ನೆ: ನಮ್ಮ ಅತ್ತೆಗೆ 71 ವರ್ಷ. ಸಕ್ಕರೆ ಕಾಯಿಲೆ ಹಳೆಯದು, ಇನ್ಸುಲಿನ್ ತಗೋತಾರೆ. ಅಂಗಾಲು ಜೋಮು ಹಿಡಿದ ಹಾಗಿರುತ್ತೆ ಅಂತಾರೆ. ಹಿಂದೆ ಮೊಮ್ಮಗ ಡೆಂಗಿಯಿಂದ ಆಸ್ಪತ್ರೆ ಸೇರಿದ್ದಾಗ, ನಮ್ಮ ಓಣಿಯ ಮಾರವಾಡಿ ಬಟ್ಟೆ ಅಂಗಡಿಯವರ ಮಾತು ಕೇಳಿ ರಾಜಸ್ಥಾನದ ರಾಮದೇವ್ರಾಕ್ಕೆ ಹರಕೆ ಹೊತ್ತರು. ಈಗ ಯಜಮಾನರು ಅದಕ್ಕೆ ಇನ್ನೂ ಹತ್ತು ಗುಡಿ ಸೇರಿಸಿದ್ದಾರೆ. ಜೋಧಪುರದ ಚಾಮುಂಡಾ, ಓಸಿಯಾಂ, ಜೈಸಲ್ಮೇರ್, ಲೋದ್ರವಾ, ತನೋಟ್, ಕೋಲಾಯತ್, ದೇಶ್ನೋಕ್, ಪುಷ್ಕರ, ನಾಕೋಡಾ, ಮೌಂಟ್ ಅಬು. ಮನೆಯಲ್ಲಿ ಗಣಪತಿ ಒಂದೂವರೆ ದಿನ. ಕಳಿಸಿದ ಮರುದಿನವೇ ಹೊಸ ಕಾರಿನಲ್ಲಿ ಹೊರಡೋದಂತೆ. ನಾನು ಬಾಯಿ ಬಿಟ್ಟರೆ ‘ಅವ್ವನ ಹರಕೆಗೆ ಅಡ್ಡ ಬರಬೇಡ’ ಅಂತಾರೆ. ಏನು ಮಾಡಲಿ?
— ಹೆಸರು ಬೇಡ, ಧಾರವಾಡ

ಉತ್ತರ: ಯಾತ್ರೆ ಬೇಡ ಎನ್ನಬೇಡಿ. ದಿನಾಂಕ ಬದಲಿಸಿ, ಪಟ್ಟಿ ಕತ್ತರಿಸಿ, ಕಾರನ್ನು ಮನೆಯಲ್ಲೇ ಬಿಡಿ. ಈ ಮೂರಕ್ಕೂ ಕಾರಣ ಹೇಳುತ್ತೇನೆ. ಯಜಮಾನರ ಮುಂದೆ ಇಡಲು ಅನುಕೂಲವಾಗುತ್ತದೆ.

ಮೊದಲು ದಿನಾಂಕ. ರಾಮದೇವ್ರಾದ ದೊಡ್ಡ ಜಾತ್ರೆ ನಡೆಯುವುದೇ ಭಾದ್ರಪದ ಶುದ್ಧ ಬಿದಿಗೆಯಿಂದ ಏಕಾದಶಿಯವರೆಗೆ. ಅಂದರೆ ನಿಮ್ಮ ಗಣಪತಿಯನ್ನು ಕಳಿಸಿ ನೀವು ತಲುಪುವ ಹೊತ್ತಿಗೆ ಅಲ್ಲಿ ಲಕ್ಷಗಟ್ಟಲೆ ಜನ ಇರುತ್ತಾರೆ. ರಾಜಸ್ಥಾನ, ಗುಜರಾತಿನ ಹಳ್ಳಿಗಳಿಂದ ಧ್ವಜ ಹಿಡಿದು ನಡೆದು ಬರುವವರು ಹೆದ್ದಾರಿಯ ಅಂಚನ್ನೆಲ್ಲ ತುಂಬಿರುತ್ತಾರೆ. ಅಲ್ಲಿಯ ಸಂತ ರಾಮದೇವ್ ಬಾಬಾ ಅವರ ಸಮಾಧಿಯ ದರ್ಶನಕ್ಕೆ ಗಂಟೆಗಟ್ಟಲೆ ಸರದಿ, ಮೇಲೆ ಮರುಭೂಮಿಯ ಬಿಸಿಲು. ದೀಪಾವಳಿ ಮುಗಿದ ಮೇಲೆ, ಶಿವರಾತ್ರಿಗೆ ಮೊದಲು ಹೋಗುವುದು ಲೇಸು. ಅದರಲ್ಲೂ ಡಿಸೆಂಬರ್ ಕೊನೆಯ ವಾರ ಬಿಡಿ. ಆಗ ಜೈಸಲ್ಮೇರಿನಲ್ಲಿ ರೂಮು ಸಿಗುವುದೂ ಕಷ್ಟ, ಸಿಕ್ಕರೂ ದುಬಾರಿ. ಚಳಿಗಾಲದಲ್ಲಿ ಹಗಲು ಹಿತವಾಗಿರುತ್ತದೆ, ಬೆಳಗಿನ ಜಾವ ಮಾತ್ರ ಕೊರೆಯುತ್ತದೆ. ಅತ್ತೆಯವರಿಗೆ ಸ್ವೆಟರ್, ಶಾಲು, ಕಿವಿ ಮುಚ್ಚುವ ಟೋಪಿ ಬೇಕು.

ಇನ್ನು ಪಟ್ಟಿ. ಹರಕೆ ಹೊತ್ತವರು ಅತ್ತೆ, ಹೊತ್ತದ್ದು ಒಂದು ಗುಡಿಗೆ. ಉಳಿದ ಹತ್ತು ನಿಮ್ಮ ಯಜಮಾನರ ಉತ್ಸಾಹ. ತಾಯಿಗೆ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಮಗನ ಆಸೆಯನ್ನು ತಪ್ಪೆನ್ನಲಾಗದು. ಆದರೆ ಅದನ್ನು ಹರಕೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದ್ದರಿಂದ ನೀವು ವಾದಕ್ಕೆ ಇಳಿಯಬೇಡಿ. ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತಾಗ ಅತ್ತೆಯವರನ್ನೇ ಕೇಳಿ: ‘ಅತ್ತೀ, ಇದ್ರಾಗ ಯಾವ್ದು ತಪ್ಪಿದ್ರ ನಿಮ್ಮ ಮನಸ್ಸಿಗೆ ಕೊರಗು ಉಳೀತದ?’ ಬಹುಶಃ ರಾಮದೇವ್ರಾದ ಜೊತೆ ಇನ್ನೊಂದೆರಡು ಹೆಸರು ಹೇಳಿಯಾರು. ತಾಯಿಯ ಬಾಯಿಂದಲೇ ಬಂದ ಮಾತಿಗೆ ಮಗ ಎದುರಾಡುವುದು ಕಷ್ಟ.

ಆಮೇಲೆ ನಕಾಶೆ ಬಿಡಿಸಿ. ಕೋಲಾಯತ್, ದೇಶ್ನೋಕ್ ಇರುವುದು ಬಿಕಾನೇರಿನ ಕಡೆ, ಜೈಸಲ್ಮೇರಿನಿಂದ ಬಿಕಾನೇರಿಗೇ 300 ಕಿ.ಮೀ. ಮೀರುತ್ತದೆ. ಪುಷ್ಕರ ಅಜ್ಮೇರಿನ ಪಕ್ಕ, ಅಬು ಗುಜರಾತಿನ ಗಡಿಯಲ್ಲಿ. ಈ ಪಟ್ಟಿ ಹಿಡಿದು ಹೊರಟರೆ ಅತ್ತೆಯವರಿಗೆ ಆಗುವುದು ಕಾರಿನ ಕಿಟಕಿಯ ದರ್ಶನ. ಆರು ದಿನಕ್ಕೆ ಇಷ್ಟು ಸಾಕು:

ಮೊದಲ ದಿನ ಜೋಧಪುರ ತಲುಪಿ ವಿಶ್ರಾಂತಿ. ಎರಡನೆಯ ದಿನ ಬೆಳಿಗ್ಗೆ ಸುಮಾರು 65 ಕಿ.ಮೀ. ದೂರದ ಓಸಿಯಾಂ. ಸಚಿಯಾ ಮಾತೆಯ ಗುಡಿ ದಿಬ್ಬದ ಮೇಲಿದೆ, ಕಮಾನುಗಳ ಕೆಳಗೆ ಮೆಟ್ಟಿಲು ಹತ್ತಬೇಕು. ಅತ್ತೆಯವರಿಗೆ ಆಗದಿದ್ದರೆ ಕೆಳಗೆ ಊರೊಳಗಿರುವ, 8ನೇ ಶತಮಾನದ ಮಹಾವೀರ ಬಸದಿಯನ್ನು ನೋಡಬಹುದು. ಸಂಜೆಗೆ ರಾಮದೇವ್ರಾ ಸೇರಿ ಅಲ್ಲೇ ಅಥವಾ ಹತ್ತಿರದ ಪೋಖರಣ್‌ನಲ್ಲಿ ತಂಗಿ. ಮೂರನೆಯ ದಿನ ಬೆಳಗಿನ ದರ್ಶನದಲ್ಲಿ ಹರಕೆ ಒಪ್ಪಿಸಿ. ಅಲ್ಲಿ ಬಾಬಾಗೆ ಸಲ್ಲಿಸುವುದು ಬಟ್ಟೆಯಲ್ಲಿ ಹೊಲಿದ ಪುಟ್ಟ ಕುದುರೆ, ಗುಡಿಯ ದಾರಿಯ ಅಂಗಡಿಗಳಲ್ಲೇ ಸಿಗುತ್ತದೆ. ಮುಸ್ಲಿಮರೂ ರಾಮ್‌ಸಾ ಪೀರ್ ಎಂದು ನಡೆದುಕೊಳ್ಳುವ ಸ್ಥಳ ಅದು. ಶಿಷ್ಯೆ ಡಾಲೀಬಾಯಿಯ ಸಮಾಧಿಯೂ ಅಲ್ಲೇ ಇದೆ, ಅದನ್ನು ತಪ್ಪಿಸಬೇಡಿ. ಮಧ್ಯಾಹ್ನದೊಳಗೆ ಜೈಸಲ್ಮೇರ್.

ನಾಲ್ಕನೆಯ ದಿನ ತನೋಟ್, ಸುಮಾರು 120 ಕಿ.ಮೀ. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನಕ್ಕೆ ವಾಪಸ್. ಅಲ್ಲಿ ಪೂಜೆ ಮಾಡುವವರು ಗಡಿ ಭದ್ರತಾ ಪಡೆಯ ಯೋಧರೇ. 1965ರ ಯುದ್ಧದಲ್ಲಿ ಸಿಡಿಯದೆ ಉಳಿದ ಶೆಲ್‌ಗಳನ್ನು ಗುಡಿಯಲ್ಲಿ ಕಾಣಬಹುದು. ದಾರಿಯ ರಾಮ್‌ಗಢದಲ್ಲಿ ಡೀಸೆಲ್ ತುಂಬಿಸಿಕೊಳ್ಳಿ, ಮುಂದೆ ಫೋನ್ ಸಿಗ್ನಲ್ ನೆಚ್ಚಬೇಡಿ, ಎಲ್ಲರ ಗುರುತಿನ ಚೀಟಿ ಜೊತೆಗಿರಲಿ. ಐದನೆಯ ದಿನ ಬೆಳಿಗ್ಗೆ ಜೈಸಲ್ಮೇರ್ ಕೋಟೆಯೊಳಗಿನ ಬಸದಿಗಳು, ಇಳಿಹೊತ್ತಿಗೆ ಲೋದ್ರವಾ. ಬಸದಿಗೆ ಚರ್ಮದ ಬೆಲ್ಟು, ಪರ್ಸು ಒಯ್ಯುವಂತಿಲ್ಲ. ಆರನೆಯ ದಿನ ಜೋಧಪುರಕ್ಕೆ ವಾಪಸ್. ಚಾಮುಂಡಾ ಇರುವುದು ಮೆಹ್ರಾನ್‌ಗಢ ಕೋಟೆಯಲ್ಲಿ. ಸಮಯ, ಶಕ್ತಿ ಎರಡೂ ಉಳಿದಿದ್ದರೆ ಹತ್ತಿ.

ದೇಶ್ನೋಕ್ ಬಿಡಲು ದೂರದ ಜೊತೆ ಇನ್ನೊಂದು ಕಾರಣವಿದೆ. ಕರಣಿಮಾತೆಯ ಆ ಗುಡಿಯಲ್ಲಿ ಸಾವಿರಾರು ಇಲಿಗಳು ನೆಲದ ತುಂಬ ಓಡಾಡುತ್ತವೆ, ನಾವು ಬರಿಗಾಲಲ್ಲಿ ನಡೆಯಬೇಕು. ಅಂಗಾಲಿಗೆ ಸ್ಪರ್ಶ ತಿಳಿಯದವರಿಗೆ ಅದು ತಕ್ಕ ಜಾಗವಲ್ಲ. ಬೇರೆ ಗುಡಿಗಳಲ್ಲೂ ಮಧ್ಯಾಹ್ನದ ಕಲ್ಲುಹಾಸು ಕಾದಿರುತ್ತದೆ. ಜೋಮು ಹಿಡಿದ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ, ರಾತ್ರಿ ನೋಡಿದರೆ ಬೊಬ್ಬೆ ಎದ್ದಿರುತ್ತದೆ. ದಪ್ಪ ಹತ್ತಿಯ ಕಾಲುಚೀಲ ಹಾಕಿಸಿ. ಮಲಗುವ ಮುನ್ನ ಎರಡೂ ಅಂಗಾಲನ್ನು, ಬೆರಳ ಸಂದಿಯನ್ನೂ, ಟಾರ್ಚ್ ಹಿಡಿದು ನೀವೇ ನೋಡಿ.

ನಮ್ಮ ಹಿರಿಯರಲ್ಲಿ ಅನೇಕರು ದರ್ಶನವಾಗುವ ತನಕ ಹನಿ ನೀರೂ ಮುಟ್ಟುವುದಿಲ್ಲ. ಇನ್ಸುಲಿನ್ ತೆಗೆದುಕೊಂಡು ಹೀಗೆ ಉಪವಾಸ ಕೂತರೆ ಸಕ್ಕರೆ ದಿಢೀರನೆ ಇಳಿದು ಪ್ರಜ್ಞೆ ತಪ್ಪಬಹುದು. ಪ್ರಯಾಣದ ದಿನಗಳ ಡೋಸ್ ಬಗ್ಗೆ ವೈದ್ಯರಲ್ಲಿ ಮೊದಲೇ ಬರೆಸಿಕೊಳ್ಳಿ. ನಿಮ್ಮ ಕೈಚೀಲದಲ್ಲಿ ಸಕ್ಕರೆ, ಗ್ಲೂಕೋಸ್ ಸದಾ ಇರಲಿ. ಇನ್ಸುಲಿನ್ ಬಾಟಲಿಯನ್ನು ನಿಂತ ಕಾರಿನಲ್ಲಿ ಬಿಡಬೇಡಿ, ಮಂಜುಗಡ್ಡೆಗೂ ತಾಗಿಸಬೇಡಿ. ಬಟ್ಟೆ ಸುತ್ತಿ ಫ್ಲಾಸ್ಕಿನಲ್ಲಿಡಿ.

ದಾರಿಯಲ್ಲಿ ಶೌಚಾಲಯ ಸಿಗದೆಂದು ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಒಣ ಹವೆಯಲ್ಲಿ ಬೆವರು ಕಾಣುವುದಿಲ್ಲ, ಬಾಯಾರಿಕೆಯೂ ಗೊತ್ತಾಗುವುದಿಲ್ಲ, ಆದರೆ ಮೈಯೊಳಗಿನ ನೀರು ಇಳಿಯುತ್ತಲೇ ಇರುತ್ತದೆ. ಎರಡು ತಾಸಿಗೊಮ್ಮೆ ಪೆಟ್ರೋಲ್ ಬಂಕಿನಲ್ಲೋ ಧರ್ಮಶಾಲೆಯಲ್ಲೋ ನಿಲ್ಲಿಸುವುದೆಂದು ಹೊರಡುವಾಗಲೇ ತೀರ್ಮಾನವಾಗಲಿ. ಊಟದ ಚಿಂತೆ ಬೇಡ. ಅಲ್ಲಿಯ ಬಾಜ್ರಾ ರೊಟ್ಟಿ ನಿಮ್ಮ ಮನೆಯ ಸಜ್ಜೆ ರೊಟ್ಟಿಯೇ. ತುಪ್ಪದಲ್ಲಿ ಮುಳುಗಿಸಿದ ಬಾಟಿಯನ್ನು ಮಾತ್ರ ಅತ್ತೆಯವರಿಗೆ ಅಳತೆಯಲ್ಲಿ ಕೊಡಿ.

ಕಾರಿನ ವಿಷಯ. ಧಾರವಾಡದಿಂದ ಜೋಧಪುರಕ್ಕೆ ಸುಮಾರು 1,500 ಕಿ.ಮೀ. ಅಷ್ಟು ಓಡಿಸಿ ದಣಿದವರು ಮರುಭೂಮಿಯ ರಸ್ತೆಗೆ ಇಳಿಯುವುದು ಅಪಾಯ. ಸಂಜೆಯಾದರೆ ಒಂಟೆ, ದನ, ನೀಲಗಾಯ್ ಯಾವಾಗ ಅಡ್ಡ ಬರುತ್ತವೋ ತಿಳಿಯದು. ಗಾಳಿಗೆ ಮರಳು ರಸ್ತೆಯ ಮೇಲೇ ಹರಡಿರುತ್ತದೆ. ಹುಬ್ಬಳ್ಳಿಯಿಂದ ಜೋಧಪುರಕ್ಕೆ ನೇರ ರೈಲಿದೆ, ಒಂದೂವರೆ ದಿನದ ದಾರಿ. ಅತ್ತೆಯವರು ಕೆಳಗಿನ ಬರ್ತಿನಲ್ಲಿ ಕಾಲು ಚಾಚಿ ಮಲಗಬಹುದು. ಜೋಧಪುರದಲ್ಲಿ ಸ್ಥಳೀಯ ಚಾಲಕನಿರುವ ಟ್ಯಾಕ್ಸಿ ಹಿಡಿಯಿರಿ. ಕತ್ತಲಾದ ಮೇಲೆ ಓಡಿಸುವುದಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ.

ಇಷ್ಟೆಲ್ಲ ಕತ್ತರಿಸಿದರೆ ಯಜಮಾನರಿಗೆ ಬೇಸರವಾಗುವುದು ಸಹಜ. ಅವರ ಕೈಗೆ ಕೆಲಸ ಕೊಡಿ: ರೂಮು, ಟ್ಯಾಕ್ಸಿ, ದಿನದ ವೇಳಾಪಟ್ಟಿ ಅವರದೇ ಜವಾಬ್ದಾರಿ. ರೈಲಿನ ಬುಕಿಂಗ್ ತೆರೆಯುವುದು 60 ದಿನ ಮೊದಲು. ಅಷ್ಟರೊಳಗೆ ಅತ್ತೆಯವರ ಉತ್ತರವೂ ವೈದ್ಯರ ಚೀಟಿಯೂ ನಿಮ್ಮ ಕೈಯಲ್ಲಿರಲಿ. ವೈದ್ಯರು ಈ ವರ್ಷ ಬೇಡವೆಂದರೆ ಹಣ ಕಟ್ಟುವ ಮೊದಲೇ ಮುಂದೂಡಿ.