ಹಳೆಯ ಜೀಪಿಗೆ ಡೀಸೆಲ್ ಎಂಜಿನ್: ಗೇರು ಹೊಂದಿಸುವ ಲೆಕ್ಕ

ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಿ ಜೀಪು ಇಂದಿಗೂ ಒಂದು ಕೃಷಿ ಉಪಕರಣವೇ. ಗೊಬ್ಬರ, ಪಂಪ್‌ಸೆಟ್ಟು, ಆಳುಕಾಳು ಎಲ್ಲವೂ ಅದರಲ್ಲೇ ಗುಡ್ಡ ಏರಬೇಕು. ಇವುಗಳಲ್ಲಿ ಅನೇಕವು ಪೆಟ್ರೋಲ್ ಎಂಜಿನ್ನಿನೊಡನೆ ಬಂದ ವಿಲ್ಲೀಸ್ ಮಾದರಿಯ ಗಾಡಿಗಳು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಇವುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ರೂಢಿ ಹೆಚ್ಚಿತು. ಹಳೆಯ ಜೀಪನ್ನು ಉಳಿಸಿಕೊಂಡವರು ಈಗಲೂ ಈ ಕೆಲಸಕ್ಕೆ ಕೈ ಹಾಕುತ್ತಾರೆ.

ಆಗ ಎಲ್ಲರೂ ಕೇಳುವ ಪ್ರಶ್ನೆ, "ಎಂಜಿನ್ ಕೂರುತ್ತದೆಯೇ?" ಎಂಬುದು. ಒಳ್ಳೆಯ ಲೇತ್ ಕೆಲಸಗಾರನಿದ್ದರೆ ಯಾವ ಎಂಜಿನ್ನಾದರೂ ಕೂರುತ್ತದೆ. ಎರಡು ತಿಂಗಳ ನಂತರ ಬರುವ ದೂರು ಬೇರೆ. "ಎಳೆಯುತ್ತದೆ, ಆದರೆ ರಸ್ತೆಯಲ್ಲಿ ಓಡುವುದಿಲ್ಲ" ಎಂದು ಒಬ್ಬರು, "ಓಡುತ್ತದೆ, ಆದರೆ ದಿಣ್ಣೆ ಹತ್ತುವುದಿಲ್ಲ" ಎಂದು ಇನ್ನೊಬ್ಬರು. ಎರಡಕ್ಕೂ ಸಾಮಾನ್ಯ ಕಾರಣ ಎಂಜಿನ್ನಿಗೂ ಗೇರಿಗೂ ಹೊಂದಿಕೆ ಇಲ್ಲದಿರುವುದು. ಎಂಜಿನ್ನಿಗೆ ಹಣ ಕೊಡುವ ಮೊದಲೇ ಕಾಗದ, ಪೆನ್ಸಿಲ್ ಹಿಡಿದರೆ ಈ ತೊಂದರೆ ತಪ್ಪುತ್ತದೆ.

ಡೀಸೆಲ್ ಎಲ್ಲವೂ ಒಂದೇ ಅಲ್ಲ

ಹಳೆಯ ವಿಲ್ಲೀಸ್ ಪೆಟ್ರೋಲ್ ಎಂಜಿನ್ 2199 ಘನ ಸೆಂ.ಮೀ. ಗಾತ್ರದ್ದು. ನಿಮಿಷಕ್ಕೆ 4000 ಸುತ್ತಿನಲ್ಲಿ 60 ಅಶ್ವಶಕ್ತಿ, 2000 ಸುತ್ತಿನಲ್ಲಿ ಸುಮಾರು 14.5 ಕಿಲೋಗ್ರಾಂ-ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಜೀಪಿನ ಗೇರು ಪೆಟ್ಟಿಗೆಯನ್ನೂ ಡಿಫರೆನ್ಷಿಯಲ್ಲನ್ನೂ ಈ ಎಂಜಿನ್ನಿಗೆ ತಕ್ಕಂತೆ ರಚಿಸಲಾಗಿದೆ.

ಇದರ ಜಾಗಕ್ಕೆ ಬಿ-275 ಟ್ರ್ಯಾಕ್ಟರಿನಂಥ ಎಂಜಿನ್ ತಂದರೆ ಅದು ಪೂರ್ಣ ಶಕ್ತಿ ಕೊಡುವುದು 1900 ಸುತ್ತಿನ ಆಸುಪಾಸಿನಲ್ಲಿ. ಅದಕ್ಕಿಂತ ಹೆಚ್ಚು ತಿರುಗಲು ಗವರ್ನರ್ ಬಿಡುವುದಿಲ್ಲ. ಪ್ಯೂಜೊ ವಿನ್ಯಾಸದ ಎಕ್ಸ್‌ಡಿಪಿ 4.90 ಎಂಜಿನ್ ಬೇರೆ ಜಾತಿಯದು. ಅದರ ಗಾತ್ರ 2112 ಘನ ಸೆಂ.ಮೀ.; ಶಕ್ತಿ 4500 ಸುತ್ತಿನಲ್ಲಿ 62 ಅಶ್ವಶಕ್ತಿ. ಟಾರ್ಕ್ ಮಾತ್ರ ಸುಮಾರು 12.3 ಕಿಲೋಗ್ರಾಂ-ಮೀಟರ್, ಅಂದರೆ ಹಳೆಯ ಪೆಟ್ರೋಲ್ ಎಂಜಿನ್ನಿಗಿಂತ ಶೇಕಡ 15ರಷ್ಟು ಕಡಿಮೆ! ಡೀಸೆಲ್ ಎಂದ ಮಾತ್ರಕ್ಕೆ ಎಳೆತ ಹೆಚ್ಚು ಎಂದು ತಿಳಿಯಬಾರದು.

ಲೆಕ್ಕ ಹಾಕುವ ಕ್ರಮ

ಚಕ್ರದ ಸುತ್ತಳತೆ ಮೊದಲು ಬೇಕು. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ಚಕ್ರ ಒಂದು ಸುತ್ತು ಬರುವಷ್ಟು ತಳ್ಳಿ, ನೆಲದ ಮೇಲಿನ ಅಂತರ ಅಳೆಯಿರಿ. 6.00-16 ಟೈರಿಗೆ ಇದು ಸುಮಾರು 2.2 ಮೀಟರ್ ಬರುತ್ತದೆ.

ಮುಂದೆ ಡಿಫರೆನ್ಷಿಯಲ್ಲಿನ ಅನುಪಾತ. ಹಳೆಯ ಜೀಪುಗಳಲ್ಲಿ ಸಾಮಾನ್ಯವಾಗಿ ಕಾಣುವುದು 5.38 (ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8) ಅಥವಾ 4.88 (39 ಮತ್ತು 8). ಕೈ ಬದಲಾದ ಗಾಡಿಯಲ್ಲಿ ಏನಿದೆಯೋ ಹೇಳಲಾಗದು; ಬಿಚ್ಚದೆಯೇ ತಿಳಿಯಬಹುದು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನೆಲದಲ್ಲಿ ಉಳಿಯುವ ಮೂರು ಚಕ್ರಗಳಿಗೂ ಹಿಂದೆ ಮುಂದೆ ಕಲ್ಲು ಕೊಡಿ. ಅನೇಕ ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕು ಪ್ರೊಪೆಲ್ಲರ್ ಷಾಫ್ಟನ್ನೇ ಹಿಡಿಯುವುದರಿಂದ ಅದನ್ನು ಸಡಿಲಿಸಲೇಬೇಕಾಗುತ್ತದೆ. ಆದುದರಿಂದ ಈ ಕಲ್ಲುಗಳೇ ಆಧಾರ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಆಕ್ಸಲ್ಲಿನ ಸಂಪರ್ಕ ಬಿಡಿಸಿ, ಹಿಂದಿನ ಒಂದೇ ಚಕ್ರವನ್ನು ಜಾಕಿನಿಂದ ಎತ್ತಿ ಆಕ್ಸಲ್ಲಿನ ಕೆಳಗೆ ಗಟ್ಟಿ ಸ್ಟ್ಯಾಂಡು ಕೊಡಿ. ಆ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಪ್ರೊಪೆಲ್ಲರ್ ಷಾಫ್ಟ್ ಎಷ್ಟು ಸುತ್ತು ಬಂದಿತೋ ಅದೇ ಅನುಪಾತ. ಇನ್ನೊಂದು ಚಕ್ರ ನಿಂತಿರುವುದರಿಂದಲೇ ಎರಡು ಸುತ್ತು. ಒಂದೇ ಸುತ್ತು ತಿರುಗಿಸಿ ಮೋಸಹೋಗಬೇಡಿ.

ಇಷ್ಟಾದ ಮೇಲೆ ಸೂತ್ರ ಸುಲಭ. ಸುತ್ತಳತೆಯನ್ನು ಎಂಜಿನ್ನಿನ ಸುತ್ತಿನಿಂದ ಗುಣಿಸಿ, 0.06ರಿಂದ ಗುಣಿಸಿ, ಒಟ್ಟು ಗೇರಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. 2000 ಸುತ್ತಿಗೆ ನಿಲ್ಲುವ ಟ್ರ್ಯಾಕ್ಟರ್ ಎಂಜಿನ್, 5.38 ಡಿಫರೆನ್ಷಿಯಲ್, ಮೂರು ಗೇರಿನ ಟಿ-90 ಪೆಟ್ಟಿಗೆ ಎಂದಿಟ್ಟುಕೊಳ್ಳಿ. ಈ ಪೆಟ್ಟಿಗೆಯ ಅನುಪಾತ ಮೊದಲನೆಯದರಲ್ಲಿ 2.80, ಎರಡನೆಯದರಲ್ಲಿ 1.55, ಮೂರನೆಯದು ನೇರ. ಮೂರನೆಯ ಗೇರಿನಲ್ಲಿ 49, ಎರಡನೆಯದರಲ್ಲಿ 32, ಮೊದಲನೆಯದರಲ್ಲಿ ಹದಿನೇಳೂವರೆ ಕಿಲೋಮೀಟರ್, ಅಷ್ಟೇ. ಪೆಟ್ರೋಲ್ ಎಂಜಿನ್ 4000 ಸುತ್ತಿನಲ್ಲಿ ಲೆಕ್ಕಕ್ಕೆ 98 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಇದು! ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46 ಇದ್ದರೆ, ಮೊದಲ ಗೇರಿನ ಒಟ್ಟು ಅನುಪಾತ 37. ನಿಧಾನ ತಿರುಗಾಟದ 600 ಸುತ್ತಿನಲ್ಲಿ ಗಾಡಿ ಗಂಟೆಗೆ ಎರಡು ಕಿಲೋಮೀಟರಿನಂತೆ ತೆವಳುತ್ತದೆ. ತೋಟದ ಕೆಲಸಕ್ಕೆ ಇದಕ್ಕಿಂತ ಬೇಕಿಲ್ಲ.

ಯಾವುದನ್ನು ಬದಲಿಸಬೇಕು?

ಜೀಪು ತೋಟ ಬಿಟ್ಟು ಹೋಬಳಿ ಪೇಟೆಯ ಆಚೆ ಹೋಗದಿದ್ದರೆ ಮೇಲಿನ ಟ್ರ್ಯಾಕ್ಟರ್ ಎಂಜಿನ್ನಿಗೆ ಏನನ್ನೂ ಬದಲಿಸಬೇಡಿ ಎಂಬುದೇ ನಮ್ಮ ಸಲಹೆ. ಹೆದ್ದಾರಿಯ ಓಡಾಟ ಹೆಚ್ಚಿದ್ದರೆ ಕ್ರೌನ್ ಪಿನಿಯನ್ ಬದಲಿಸಬೇಕು. 4.88 ಹಾಕಿದರೆ ವೇಗ 54, 4.27 (47 ಮತ್ತು 11 ಹಲ್ಲು) ಹಾಕಿದರೆ 62 ಆಗುತ್ತದೆ. ಆದರೆ 4.27ರಲ್ಲಿ ಪ್ರತಿ ಗೇರಿನ ಎಳೆತವೂ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಣ ಉಳಿಸಲು ಹಿಂದಿನದನ್ನು ಮಾತ್ರ ಬದಲಿಸಿ ನಾಲ್ಕು ಚಕ್ರದ ಗೇರು ಹಾಕಿದರೆ ಎರಡು ಆಕ್ಸಲ್ಲುಗಳೂ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ.

ಎಕ್ಸ್‌ಡಿಪಿಯಂಥ ವೇಗದ ಎಂಜಿನ್ನಿಗೆ ಇದರ ವಿರುದ್ಧ. 5.38 ಇರಲಿ, 3000 ಸುತ್ತಿಗೇ 73 ಕಿಲೋಮೀಟರ್ ದೊರೆಯುತ್ತದೆ. ಕಡಿಮೆಯಾದ ಟಾರ್ಕನ್ನು ತುಂಬಿಕೊಡಲು ಮೊದಲ ಗೇರು ಇನ್ನೂ ತಗ್ಗಿರುವ ನಾಲ್ಕು ಗೇರಿನ ಪೆಟ್ಟಿಗೆ ಉತ್ತಮ. ಯುದ್ಧಕಾಲದ ಜೀಪುಗಳ ಟಿ-84 ಪೆಟ್ಟಿಗೆಯನ್ನು ಯಾವ ಡೀಸೆಲ್ಲಿಗೂ ಜೋಡಿಸದಿರುವುದು ಲೇಸು.

ಘಟ್ಟ ಇಳಿಯುವಾಗ

ಇದನ್ನು ಮರೆತವರಿಗೆ ಎಂಜಿನ್ನೇ ಹೋಗುತ್ತದೆ, ಕೆಲವೊಮ್ಮೆ ಜೀವವೂ. ಮೇಲೆ ಹೇಳಿದ ನಿಧಾನದ ಎಂಜಿನ್ ಇರುವ ಗಾಡಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಮೂರನೆಯ ಗೇರಿನಲ್ಲಿ 49ರ ವೇಗದಲ್ಲಿ ಇಳಿಯುತ್ತಿದೆ ಎನ್ನಿ. ಬ್ರೇಕು ಕಾದು ಸೋಲುತ್ತದೆ. ಚಾಲಕ ಗಾಬರಿಯಿಂದ ಎರಡನೆಯ ಗೇರಿಗೆ ತರುತ್ತಾನೆ. ಆಗ ಎಂಜಿನ್ 3100 ಸುತ್ತು ತಿರುಗಲೇಬೇಕು. ಗವರ್ನರ್ ಡೀಸೆಲ್ ನಿಲ್ಲಿಸಬಲ್ಲದೇ ಹೊರತು ಚಕ್ರಗಳು ಎಂಜಿನ್ನನ್ನು ತಿರುಗಿಸುವುದನ್ನು ತಡೆಯಲಾರದು. ವಾಲ್ವು ಪಿಸ್ಟನ್ನಿಗೆ ತಾಗಬಹುದು, ಕನೆಕ್ಟಿಂಗ್ ರಾಡ್ ಮುರಿಯಬಹುದು. ಆದುದರಿಂದ ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಬೇಕು. ಪ್ರತಿ ಗೇರಿನ ಗರಿಷ್ಠ ವೇಗವನ್ನು ಲೆಕ್ಕ ಹಾಕಿ ಡ್ಯಾಷ್‌ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆಸಿಡಿ. ಗಾಡಿಯನ್ನು ಬೇರೆಯವರ ಕೈಗೆ ಕೊಡುವವರಿಗೆ ಇದು ಅವಶ್ಯ.

ಜೋಡಣೆಯಲ್ಲಿ ಗಮನಿಸಬೇಕಾದುದು

ಎಂಜಿನ್ನಿಗೂ ಗೇರು ಪೆಟ್ಟಿಗೆಗೂ ನಡುವಿನ ಅಡಾಪ್ಟರ್ ತಟ್ಟೆಯನ್ನು ಕಣ್ಣಳತೆಯಲ್ಲಿ ಕೂರಿಸಬಾರದು. ಕ್ರ್ಯಾಂಕ್ ಷಾಫ್ಟಿನ ನಡುವಿಗೂ ಬೆಲ್ ಹೌಸಿಂಗ್ ರಂಧ್ರದ ನಡುವಿಗೂ ಹೊಂದಿಕೆಯನ್ನು ಡಯಲ್ ಗೇಜಿನಿಂದ ನೋಡಿಸಿ. ಮುಳ್ಳು ಕಾಲು ಮಿಲಿಮೀಟರಿಗಿಂತ ಹೆಚ್ಚು ಓಲಾಡಿದರೆ ಬಿಚ್ಚಿ ಸರಿಪಡಿಸಬೇಕು. ಇಲ್ಲವಾದರೆ ಪೈಲಟ್ ಬುಷ್ಷೂ ಗೇರಿನ ಮುಂದಿನ ಬೇರಿಂಗೂ ಬೇಗ ಹೋಗುತ್ತವೆ. ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳು ಗೇರು ಷಾಫ್ಟಿನ ಹಲ್ಲುಗಳಿಗೆ ಸರಿಯಾಗಿ ಕೂರಬೇಕು. ಭಾರವಾದ ಎಂಜಿನ್ನಿಗೆ ತಕ್ಕ ಮುಂದಿನ ಪಟ್ಟೆ ಸ್ಪ್ರಿಂಗು, ಒಳ್ಳೆಯ ಬ್ರೇಕು ಬೇಕು. ವ್ಯಾಕ್ಯೂಮ್ ವೈಪರ್ ಇರುವ ಗಾಡಿಯಲ್ಲಿ ಡೀಸೆಲ್ ಹಾಕಿದೊಡನೆ ವೈಪರ್ ನಿಂತುಬಿಡುತ್ತದೆ. ಮಳೆಗಾಲಕ್ಕೆ ಮುಂಚೆ ವಿದ್ಯುತ್ ವೈಪರ್ ಹಾಕಿಸಿಕೊಳ್ಳಿ.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಗಾಡಿಯ ಮೂಲ ವಿವರಗಳನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. ಪ್ರಾದೇಶಿಕ ಸಾರಿಗೆ ಕಚೇರಿಯ ಲಿಖಿತ ಒಪ್ಪಿಗೆ ಕೈಗೆ ಬಂದ ನಂತರವೇ ಹಳೆಯ ಎಂಜಿನ್ ಇಳಿಸಿ.

ಮೊದಲ 500 ಕಿಲೋಮೀಟರ್ ಆದ ಮೇಲೆ ಗೇರಿನ ಎಣ್ಣೆಯನ್ನು ಬಿಳಿಯ ತಟ್ಟೆಗೆ ಬಸಿದು ನೋಡಿ. ಹಿತ್ತಾಳೆಯ ಹೊಳಪು ಕಂಡರೆ ಸಿಂಕ್ರೊನೈಜರ್ ಉಂಗುರ ಸವೆಯುತ್ತಿದೆ, ಚಾಲಕ ಗೇರನ್ನು ಅವಸರದಿಂದ ತಳ್ಳುತ್ತಿದ್ದಾನೆ. ಉಕ್ಕಿನ ಚೂರು ಕಂಡರೆ ಗಾಡಿ ಓಡಿಸುವುದನ್ನು ನಿಲ್ಲಿಸಿ, ಪೆಟ್ಟಿಗೆ ಬಿಚ್ಚಿಸಿ.